ಟ್ಯಾಂಪಾದಲ್ಲಿ ಮನೆ ಕೊಳ್ಳುವ ಮುಂಚೆ ಒಮ್ಮೆ ಅಟ್ಟ ಹತ್ತಿ ನೋಡಿ

ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾ ಕಡೆಗೆ ಹೊಸದಾಗಿ ಬಂದು ಮನೆ ಹುಡುಕುವವರು ನನ್ನನ್ನು ಮೊದಲು ಕೇಳೋದು ಶಾಲೆ ಹೇಗಿದೆ, ಒಳ್ಳೇ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತೆ ಅಂತ. ಸೂರನ್ನು ಗೋಡೆಗೆ ಯಾವುದರಿಂದ ಬಿಗಿದಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮೂರಲ್ಲಿ ಮನೆ ಗಟ್ಟಿ ಅಂದರೆ ಭಾರ ತಡೆಯಬೇಕು, ಅಷ್ಟೇ. ಇಲ್ಲಿನ ಕಥೆ ಉಲ್ಟಾ. ಚಂಡಮಾರುತದ ಗಾಳಿ ಗೋಡೆಯನ್ನು ಪಕ್ಕದಿಂದ ತಳ್ಳುವುದಲ್ಲದೆ ಸೂರಿನ ಮೇಲೆ ಹಾದು ಹೋಗುವಾಗ ಅದನ್ನು ಮೇಲಕ್ಕೆ ಎಳೆಯುತ್ತದೆ. ಜಿಂಕ್ ಶೀಟಿನ ಮೇಲೆ ಕಲ್ಲು ಹೇರುತ್ತಾರಲ್ವಾ, ಅದೇ ಭಯ. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು: ಗಂಟೆಗೆ 75 ಮೈಲಿ ಗಾಳಿಯಲ್ಲಿ ಚದರಡಿಗೆ ಸುಮಾರು 14 ಪೌಂಡ್ ಇದ್ದದ್ದು 150 ಮೈಲಿಗೆ 58ರ ಹತ್ತಿರ ಹೋಗುತ್ತದೆ. ಸೂರಿನ ಮೂಲೆ, ಅಂಚುಗಳಲ್ಲಿ ಎಳೆತ ಇನ್ನೂ ಜಾಸ್ತಿ.

"ಬ್ಲಾಕ್ ಮನೆ, ಏನೂ ಆಗಲ್ಲ" ಅಂತ ಏಜೆಂಟ್ ಹೇಳಬಹುದು. ಇಲ್ಲಿ ಎಷ್ಟೋ ಮನೆಗಳಲ್ಲಿ ಕೆಳ ಅಂತಸ್ತು ಮಾತ್ರ ಕಾಂಕ್ರೀಟ್ ಬ್ಲಾಕ್, ಮೇಲಿನದು ಮರದ್ದು. ಸೂರಂತೂ ಹೆಚ್ಚುಕಮ್ಮಿ ಎಲ್ಲಾ ಕಡೆ ಮರದ ಟ್ರಸ್ಸೇ, ಅಂದರೆ ಸೂರನ್ನು ಹೊರುವ ತ್ರಿಕೋನದ ಚೌಕಟ್ಟು. ಸೂರಿನ ಹಲಗೆಯಿಂದ ಟ್ರಸ್ಸಿಗೆ, ಟ್ರಸ್ಸಿನಿಂದ ಗೋಡೆಗೆ, ಗೋಡೆಯಿಂದ ತಳಪಾಯಕ್ಕೆ, ಸರಪಳಿ ಹಾಗೆ ಒಂದಕ್ಕೊಂದು ಹಿಡಿದುಕೊಂಡಿರಬೇಕು. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಮಯಾಮಿ ದಕ್ಷಿಣಕ್ಕೆ ಬಡಿದಾಗ ಎಷ್ಟೋ ಸೂರುಗಳ ಹಲಗೆ ಹಾರಿಹೋಯಿತು. ಕೆಲವು ಕಡೆ ಹಲಗೆಗೆ ಹೊಡೆದ ಮೊಳೆ, ಸ್ಟೇಪಲ್ ಟ್ರಸ್ಸಿಗೆ ತಾಗಿಯೇ ಇರಲಿಲ್ಲ! ಇಡೀ ರಾಜ್ಯಕ್ಕೆ ಒಂದೇ ಬಿಲ್ಡಿಂಗ್ ಕೋಡ್, ಅಂದರೆ ಮನೆ ಕಟ್ಟುವ ನಿಯಮ, ಬಂದದ್ದು 2002ರಲ್ಲಿ. ಹಾಗಾಗಿ ಮನೆ ಕಟ್ಟಿದ ವರ್ಷ ಮೊದಲು ನೋಡಿ.

ನನ್ನ ಮೊದಲ ಮನೆ ಅದಕ್ಕಿಂತ ಹಳೆಯದು. ಮನೆ ಗಾಳಿ ತಡೆಯುತ್ತಾ ಅಂತ ಇನ್ಶೂರೆನ್ಸಿಗೆ ತಪಾಸಣೆ ಮಾಡಲು ಬಂದವರ ಹಿಂದೆ ನಾನೂ ಅಟ್ಟಕ್ಕೆ ಹತ್ತಿದೆ. ಸೂರಿನ ಅಂಚಿನವರೆಗೆ ತೆವಳಿಕೊಂಡು ಹೋಗಿ ಟಾರ್ಚ್ ಬಿಟ್ಟರೆ, ಟ್ರಸ್ ಗೋಡೆಗೆ ಕೂರುವ ಜಾಗದಲ್ಲಿ ಅಂಗೈಗಿಂತ ಚಿಕ್ಕ ತಗಡಿನ ಕ್ಲಿಪ್. ಸದ್ಯ, ಇದೆಯಲ್ಲ ಅಂದುಕೊಂಡೆ. ಅವರು ಬೆರಳಿಟ್ಟು ಎಣಿಸಿದರು: ತೂತು ಐದು, ಮೊಳೆ ಎರಡೇ. ಟ್ರಸ್ಸಿಗೆ ಕನಿಷ್ಠ ಮೂರು ಮೊಳೆ ಇಲ್ಲದಿದ್ದರೆ ತಪಾಸಣೆಯ ಫಾರಂನಲ್ಲಿ ಕ್ಲಿಪ್ ಲೆಕ್ಕಕ್ಕಿಲ್ಲ, ಸುಮ್ನೆ ಓರೆ ಮೊಳೆ ಹೊಡೆದದ್ದಕ್ಕೆ ಸಮ. ಒಂದು ಮೊಳೆ ಉಳಿಸಿ ಕಟ್ಟಿದವರಿಗೆ ಏನು ಸಿಕ್ಕಿತೋ! ಕ್ಲಿಪ್ಪಿಗಿಂತ ಒಳ್ಳೆಯದು ಟ್ರಸ್ಸಿನ ಮೇಲೆ ಸುತ್ತಿ ಬರುವ ಪಟ್ಟಿ. ಮಾರುವವರ ಹತ್ತಿರ ಈ ತಪಾಸಣೆ ವರದಿ ಕೇಳಿ, ಫೋಟೋ ಸಮೇತ.

ಸೂರಿನಷ್ಟೇ ಮುಖ್ಯ ಗರಾಜ್ ಬಾಗಿಲು. ಅದು ಒಳಕ್ಕೆ ಮುರಿದರೆ ಗಾಳಿ ನುಗ್ಗಿ ಒಳಗಿನಿಂದ ಸೂರನ್ನು ನೂಕುತ್ತದೆ, ಹೊರಗಿನಿಂದ ಎಳೆತ ಇದ್ದೇ ಇದೆ. ಬಾಗಿಲಿನ ಒಳಮುಖದಲ್ಲಿ ಎಷ್ಟು ಒತ್ತಡಕ್ಕೆ ಮಾಡಿದ್ದು ಅಂತ ಚೀಟಿ ಅಂಟಿಸಿದ್ದಾರಾ ನೋಡಿ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಒತ್ತಡ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಎಲ್ಲಾ ಮುಚ್ಚಿ.

ಅಟ್ಟ ಹತ್ತುವುದಾದರೆ ಬೆಳಿಗ್ಗೆ ಬೇಗ ಹತ್ತಿ, ಜೂನ್ ಮಧ್ಯಾಹ್ನ ಅದು ಒಲೆ. ಮಾಸ್ಕ್ ಹಾಕಿಕೊಳ್ಳಿ. ಕಾಲು ಮರದ ಮೇಲೆ ಮಾತ್ರ ಇಡಿ, ನಡುವೆ ಇರುವುದು ಕೆಳಗಿನ ಕೋಣೆಯ ತೆಳು ಸೀಲಿಂಗ್ ಅಷ್ಟೇ. ನಾನು ಒಮ್ಮೆ ಪಕ್ಕಕ್ಕೆ ಇಟ್ಟೆ, ಕೆಳಗೆ ಟೀವಿ ನೋಡುತ್ತಿದ್ದ ಮನೆಯವರಿಗೆ ಮೊಣಕಾಲವರೆಗೆ ನನ್ನ ದರ್ಶನವಾಯಿತು.