ಮೂರು ಮುಚ್ಚಳಕ್ಕೆ ಒಂದು ಪೆಗ್: ಕೆಲಸ ಹುಡುಕುವವರ ಜೊತೆ ಕುಡಿತದ ಪಾಠ

ತುಮಕೂರಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಪಾಠ ಮಾಡುತ್ತೇನೆ. ಅಲ್ಲಿಗೆ ಬರುವವರೆಲ್ಲ ಕೆಲಸ ಹುಡುಕುತ್ತಿರುವ ದೊಡ್ಡವರು. ಕೆಲವರು ಈಗಷ್ಟೇ ಇಪ್ಪತ್ತು ದಾಟಿದವರು, ಕೆಲವರಿಗೆ ಮಗಳ ಮದುವೆ ಮುಗಿದಿದೆ. ವೆಲ್ಡಿಂಗ್, ವೈರಿಂಗ್, ಫೋರ್ಕ್‌ಲಿಫ್ಟ್, ಹೊಲಿಗೆ, ಸೆಕ್ಯುರಿಟಿ ಕೆಲಸ ಕಲಿತು ವಸಂತನರಸಾಪುರದ ಕಾರ್ಖಾನೆಗಳಿಗೆ, ಅಂತರಸನಹಳ್ಳಿ ಕಡೆಯ ಗೋಡೌನ್‌ಗಳಿಗೆ ಹೋಗುತ್ತಾರೆ. ಕೈಕೆಲಸ ಕಲಿಸುವವರು ಬೇರೆ ಇದ್ದಾರೆ. ನನ್ನ ಪಾಲಿಗೆ ಬಂದದ್ದು ಇಂಟರ್‌ವ್ಯೂ, ಹಾಜರಾತಿ, ಸಂಬಳದ ಲೆಕ್ಕ. ಅದರ ಜೊತೆಗೆ ಕುಡಿತ ಮತ್ತು ಡ್ರಗ್ಸ್ ಬಗ್ಗೆ ಎರಡು ದಿನದ ಪಾಠ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಮಾಡಿದೆ. ಕೆಟ್ಟುಹೋದ ಲಿವರ್‌ನ ಚಿತ್ರ ಗೋಡೆಗೆ ಅಂಟಿಸಿದೆ. ಸಂಸಾರ ಬೀದಿಗೆ ಬರುತ್ತೆ, ಮಕ್ಕಳು ಅನಾಥರಾಗ್ತಾರೆ ಅಂತ ಒಂದೂವರೆ ಗಂಟೆ ಮಾತಾಡಿದೆ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಪಾಠ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು ಹೇಳಿದರು: "ಮೇಡಂ, ಇದೆಲ್ಲ ನಮಗೆ ಗೊತ್ತಿರೋದೇ. ನಮ್ಮಪ್ಪ ಸತ್ತಿದ್ದೂ ಇದರಿಂದಲೇ. ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಾನೂ ಬಿಟ್ಟುಬಿಡ್ತೀನಿ ಅಂದ್ಕೊಂಡಿದ್ದೆ. ಪ್ಯಾಕೆಟ್ ಹೋಯ್ತು, ಬಾಟ್ಲಿ ಬಂತು, ಅಷ್ಟೆ."

ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ. ಅಷ್ಟು ವರ್ಷದಿಂದ ಆ ಮನುಷ್ಯ ನನ್ನಂಥವರ ಎಷ್ಟು ಭಾಷಣ ಕೇಳಿರಬಹುದು! ಗೊತ್ತಿರುವುದನ್ನೇ ಮತ್ತೆ ಹೇಳಿ ಅವರಿಗೆ ನಾಚಿಕೆ ಮಾಡಿಸಿದ್ದು ಬಿಟ್ಟರೆ ನಾನು ಏನೂ ಕಲಿಸಿರಲಿಲ್ಲ. ಅವತ್ತು ರಾತ್ರಿ ಕೂತು ಯೋಚನೆ ಮಾಡಿದೆ. ಇವರಿಗೆ ಗೊತ್ತಿಲ್ಲದೇ ಇರುವುದು ಏನು, ಅದರಲ್ಲಿ ಕೆಲಸಕ್ಕೆ ಬೇಕಾಗುವುದು ಏನು?

ಉತ್ತರ ಸಿಕ್ಕಿದ್ದು ಮನೆಯಲ್ಲಿದ್ದ ಕೆಮ್ಮಿನ ಸಿರಪ್ ಬಾಟ್ಲಿಯಲ್ಲಿ. ಅದರ ಮೇಲೆ ಒಂದು ಅಳತೆ ಮುಚ್ಚಳ ಇರುತ್ತಲ್ಲ, 10 ಎಂಎಲ್‌ಗೆ ಗೀಟು ಹಾಕಿರೋದು, ಅದನ್ನು ತೊಳೆದು ಬ್ಯಾಗಿಗೆ ಹಾಕಿಕೊಂಡೆ. ಮುಂದಿನ ಬ್ಯಾಚಿನಲ್ಲಿ ಒಂದು ಚೊಂಬು ನೀರು, ಹತ್ತು ಪ್ಲಾಸ್ಟಿಕ್ ಲೋಟ ಮೇಜಿನ ಮೇಲಿಟ್ಟೆ. "ನೀವು ಒಂದು ಪೆಗ್ ಅಂತ ಎಷ್ಟು ಹಾಕ್ಕೋತೀರೋ ಅಷ್ಟು ನೀರು ಹಾಕಿ" ಅಂದೆ. ಮೊದಲು ಯಾರೂ ಏಳಲಿಲ್ಲ. ಆಮೇಲೆ ಒಬ್ಬ ಎದ್ದ, ಅವನ ಹಿಂದೆ ನಾಲ್ಕು ಜನ ಬಂದರು. ಒಬ್ಬರು ಬಹಳ ನಾಜೂಕಾಗಿ, ಲೋಟ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಹನಿ ಹನಿಯಾಗಿ ಹಾಕಿದರು. "ಇಷ್ಟೇ ಮೇಡಂ, ನಾನು ಜಾಸ್ತಿ ಕುಡಿಯಲ್ಲ."

ಆ ನೀರನ್ನು ಮುಚ್ಚಳದಲ್ಲಿ ಅಳೆದೆ. ಮೂರು ಮುಚ್ಚಳ ಅಂದರೆ 30 ಎಂಎಲ್, ಒಂದು ಸಣ್ಣ ಪೆಗ್. ಅವರ ಲೋಟದಲ್ಲಿ ಏಳು ಮುಚ್ಚಳ ತುಂಬಿ ಇನ್ನೂ ಸ್ವಲ್ಪ ಉಳಿಯಿತು. ಇಡೀ ಕ್ಲಾಸು ಮುಂದೆ ಬಗ್ಗಿ ನೋಡುತ್ತಿತ್ತು. ಯಾರಿಗೂ ನಾನು ಬೈದಿರಲಿಲ್ಲ.

ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಬರೆದೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ನ ಬಾಟ್ಲಿ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತದೆ. ಅದರ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇದೆ. ಹಾಗಾದರೆ 90 ಎಂಎಲ್‌ನ ಟೆಟ್ರಾ ಪ್ಯಾಕಿನಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ, ಅಂದರೆ 180 ಎಂಎಲ್‌ನಲ್ಲಿ, 60 ಗ್ರಾಂ. ಬಿಯರ್ ಅಂದರೆ ನೀರಿದ್ದ ಹಾಗೆ ಅಂತ ಹುಡುಗರು ಹೇಳುತ್ತಾರೆ. 8%ನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟ್ಲಿಯಲ್ಲಿ 40 ಗ್ರಾಂ ಇರುತ್ತದೆ. ನಾಲ್ಕು ಪೆಗ್ ಆಯ್ತು. ಇದನ್ನು ಕೇಳಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇನ್ನು ಟೈಮಿನ ಲೆಕ್ಕ. ಕುಡಿದದ್ದನ್ನು ಲಿವರ್ ತನ್ನ ಪಾಡಿಗೆ ನಿಧಾನವಾಗಿ ಕರಗಿಸುತ್ತದೆ. ಒಂದು ಪೆಗ್‌ಗೆ ಕಡಿಮೆ ಅಂದರೂ ಒಂದು ಗಂಟೆ, ತೆಳ್ಳಗಿರುವವರಿಗೆ ಒಂದೂವರೆ ಗಂಟೆ ಆದರೂ ಬೇಕು. ನಿಂಬೆಹಣ್ಣು, ಮಜ್ಜಿಗೆ, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ ಯಾವುದರಿಂದಲೂ ಅದು ಬೇಗ ಆಗುವುದಿಲ್ಲ. ರಾತ್ರಿ 11ಕ್ಕೆ ಒಂದು ಕ್ವಾರ್ಟರ್, ಮೇಲೊಂದು 90 ಮುಗಿಸಿದವನಿಗೆ ಒಂಬತ್ತು ಪೆಗ್ ಆಯ್ತು. ಬೆಳಿಗ್ಗೆ 6ಕ್ಕೆ ಶಿಫ್ಟ್ ಇದ್ದರೆ ಮಧ್ಯೆ ಇರುವುದು ಏಳೇ ಗಂಟೆ.

ಹಿಂದಿನ ಬೆಂಚಿನಲ್ಲಿದ್ದ ಒಬ್ಬರು ಎದ್ದು ನಿಂತರು. ನಲವತ್ತೈದರ ಹತ್ತಿರ ವಯಸ್ಸು. ಮೊದಲು ಲಾರಿ ಓಡಿಸುತ್ತಿದ್ದರು. ಬೆಳಿಗ್ಗೆ ಗೇಟಿನಲ್ಲಿ ಬಾಯಿಗೆ ಮಿಷನ್ ಇಟ್ಟು ಊದಿಸಿದಾಗ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡಿದ್ದರು. ಬೆಳಿಗ್ಗೆ ಒಂದು ಹನಿಯೂ ಕುಡಿದಿರಲಿಲ್ಲ, ಮಿಷನ್ ಕೆಟ್ಟಿತ್ತು ಅಂತ ಎರಡು ವರ್ಷದಿಂದ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಬೋರ್ಡನ್ನೇ ನೋಡುತ್ತಾ, "ಹಂಗಾದ್ರೆ ಮಿಷನ್ ಸುಳ್ಳು ಹೇಳಿರ್ಲಿಲ್ಲ" ಅಂದರು. ಯಾರೂ ಮಾತಾಡಲಿಲ್ಲ.

ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಗೆರೆ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಅದು ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದೂ ರಸ್ತೆಯ ಮಾತು. ಕ್ರೇನ್, ಫೋರ್ಕ್‌ಲಿಫ್ಟ್, ಪ್ರೆಸ್ ಮಿಷನ್ ಇರುವ ಕಡೆ ಸ್ವಲ್ಪವೂ ಇರಬಾರದು ಅನ್ನುವ ಮಾಲೀಕರೇ ಜಾಸ್ತಿ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಪ್ರೆಸ್ಸಿಗೆ ಬೆರಳು ಕೊಟ್ಟವರು ನಮ್ಮ ಕ್ಲಾಸಿಗೂ ಬಂದಿದ್ದಾರೆ.

ಈಗ ನನ್ನಿಂದ ಆದ ತಪ್ಪನ್ನು ಹೇಳಬೇಕು.

ಆ ಡ್ರೈವರ್ ಅಣ್ಣನ ಮುಖ ನೋಡಿ ನನಗೆ ತುಂಬಾ ಖುಷಿಯಾಗಿತ್ತು. ಪಾಠ ತಲುಪಿತಲ್ಲ ಅಂತ. ಎಲ್ಲರ ಮುಂದೆ "ಇವತ್ತಿನಿಂದಲೇ ಬಿಟ್ಟುಬಿಡಿ ಅಣ್ಣ, ನಿಮ್ಮ ಕೈಲಿ ಆಗುತ್ತೆ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕೈ ಮುಗಿದು ಹೋದರು.

ಪ್ರತಿ ದಿನ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಅವರ ಕೈ ನಡುಗುವುದನ್ನು ನಾನು ನೋಡಿದ್ದೆ. ಪೆನ್ನು ಕಾಗದದ ಮೇಲೆ ಕುಣಿಯುತ್ತಿತ್ತು. ಹೊರಗೆ ಹೋಗಿ ಬಂದ ಮೇಲೆ ಅದೇ ಕೈ ಗಟ್ಟಿಯಾಗಿ ಸ್ಪ್ಯಾನರ್ ಹಿಡಿಯುತ್ತಿತ್ತು. ಕಣ್ಣೆದುರಿಗೇ ಇತ್ತು, ನನಗೆ ಅರ್ಥವಾಗಿರಲಿಲ್ಲ.

ಮರುದಿನ ರಾತ್ರಿ ಅವರ ಹೆಂಡತಿ ಫೋನ್ ಮಾಡಿದರು. "ಮೇಡಂ, ಇವರಿಗೆ ಫಿಟ್ಸ್ ಬಂದಿದೆ, ಬಾಯಲ್ಲಿ ನೊರೆ." ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾನೂ ಓಡಿದೆ. ಡಾಕ್ಟರು ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ದಿನಾ ಜಾಸ್ತಿ ಕುಡಿಯುವವರ ಮಿದುಳು ಆ ಮಂಪರಿಗೆ ಹೊಂದಿಕೊಂಡುಬಿಟ್ಟಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಹಿಡಿತ ತಪ್ಪಿದ ಹಾಗೆ ಆಗುತ್ತದೆ. ಆರೇಳು ಗಂಟೆಗೇ ನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಆದ ಮೇಲೆ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸುತ್ತದೆ, ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ, ಪ್ರಾಣಕ್ಕೂ ಅಪಾಯ. ಇದನ್ನು ತಡೆಯುವುದಕ್ಕೆ ಮಾತ್ರೆ ಇದೆ. ಕುಡಿತದಿಂದ ಕಡಿಮೆಯಾಗಿರುವ ಬಿ1 ವಿಟಮಿನ್ನನ್ನೂ ಕೊಡುತ್ತಾರೆ. ಅಂಥವರು ಡಾಕ್ಟರ ಕಣ್ಣೆದುರಿಗೆ ಬಿಡಬೇಕು.

ಅವರು ಉಳಿದರು. ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆ ಚಪ್ಪಾಳೆಯ ಸದ್ದು ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವತ್ತಿನಿಂದ ನನ್ನ ಪಾಠದ ಕ್ರಮ ಬದಲಾಯಿತು. "ಬಿಟ್ಟುಬಿಡಿ" ಅನ್ನುವ ಮುಂಚೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳುತ್ತೇನೆ. ಕುಡಿಯದ ದಿನ ಬೆಳಿಗ್ಗೆ ಕೈ ನಡುಗುತ್ತಾ? ಬೆವರು ಬರುತ್ತಾ? ನಿದ್ದೆ ಹತ್ತಲ್ವಾ? ಎದ್ದ ತಕ್ಷಣ ಸ್ವಲ್ಪ ಹಾಕ್ಕೊಂಡರೇ ಸರಿಹೋಗುತ್ತಾ? ಮುಂಚೆ ಯಾವಾಗಾದ್ರೂ ಫಿಟ್ಸ್ ಬಂದಿತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಸುಮ್ನೆ ಮನೆಯಲ್ಲಿ ಬಿಡೋಕೆ ಹೋಗಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತೇನೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಇದೆ. ಹೆಚ್ಚಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಅಲ್ಲಿ ಇದಕ್ಕೆಂದೇ ಬೇರೆ ವಿಭಾಗ ಇದೆ. ಹೋಗೋಕೆ ಮುಜುಗರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವುದಕ್ಕೇ ಇರುವ ನಂಬರ್ 14446. ಇವೆರಡನ್ನೂ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ, ಅಳಿಸುವುದಿಲ್ಲ. ಯಾರೂ ಎಲ್ಲರ ಎದುರಿಗೆ ಬರೆದುಕೊಳ್ಳುವುದಿಲ್ಲ. ಊಟದ ಬಿಡುವಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾರೆ.

ಹಳ್ಳಿಗಳಿಂದ ಬಂದವರು ಧರ್ಮಸ್ಥಳದವರ ಮದ್ಯವರ್ಜನ ಶಿಬಿರದ ಬಗ್ಗೆ ಕೇಳುತ್ತಾರೆ. ಎಂಟು ದಿನ ಒಟ್ಟಿಗೆ ಇರುವುದು, ಮನೆಯವರನ್ನೂ ಸೇರಿಸಿಕೊಳ್ಳುವುದು, ಹೋಗಿ ಬಂದ ಮೇಲೂ ಗುಂಪಾಗಿ ಸೇರುವುದು ಬಹಳ ಜನರಿಗೆ ಹಿಡಿಸುತ್ತದೆ. ಕೆಲವರಿಗೆ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಸಭೆ, ಅಂದರೆ ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು, ಹಿಡಿಸುತ್ತದೆ. ಯಾವುದಾದರೂ ಸರಿ, ನಡುಕ ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ ಹೋಗಲಿ ಅನ್ನುವುದೊಂದೇ ನನ್ನ ಹಟ.

ಹೊಲಿಗೆ ಬ್ಯಾಚಿನ ಹೆಂಗಸರಿಗೆ ಈ ಪಾಠ ಬೇಡ ಅಂತ ಮೊದಲು ಕೇಂದ್ರದವರು ಅಂದುಕೊಂಡಿದ್ದರು. ನಾನು ಬೇಕೇ ಬೇಕು ಅಂದೆ. ಗಂಡ ರಾತ್ರಿ ಕುಡಿದು ಗಲಾಟೆ ಮಾಡಿದರೆ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ತಪ್ಪುವುದು ಇವರಿಗೇ. ಒಂದು ದಿನ ಒಬ್ಬ ಹೆಂಗಸು ಕರ್ಚೀಫಿನ ಗಂಟು ಬಿಚ್ಚಿ ಒಂದು ಮಾತ್ರೆ ಪಟ್ಟಿ ತೋರಿಸಿದಳು. "ಅಕ್ಕ, ಇದನ್ನ ಪುಡಿ ಮಾಡಿ ಸಾರಲ್ಲಿ ಹಾಕಿದ್ರೆ ಕುಡಿಯೋದು ಬಿಡ್ತಾರಂತೆ. ಅವರಿಗೆ ಗೊತ್ತಾಗಬಾರದಂತೆ." ಪಟ್ಟಿಯ ಹಿಂದೆ ಡೈಸಲ್ಫಿರಾಂ ಅಂತ ಇತ್ತು. ಅದು ಒಳ್ಳೆಯ ಔಷಧಿಯೇ. ಆದರೆ ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಜೀವವೇ ಹೋಗಬಹುದು. ಅದಕ್ಕೇ ತಗೊಳ್ಳುವವನಿಗೆ ಗೊತ್ತಿರಬೇಕು, ಅವನು ಒಪ್ಪಿರಬೇಕು, ಡಾಕ್ಟರು ನೋಡಿ ಕೊಡಬೇಕು. ಅವಳು ಕೈಯಲ್ಲಿದ್ದ ಪಟ್ಟಿಯನ್ನೇ ಬಹಳ ಹೊತ್ತು ನೋಡಿದಳು. "ಎರಡು ದಿನ ಹಾಕಿದೀನಿ ಅಕ್ಕ" ಅಂದಳು. ಅವತ್ತು ಸಂಜೆಯೇ ಗಂಡ ಹೆಂಡತಿ ಇಬ್ಬರನ್ನೂ ಡಾಕ್ಟರ ಹತ್ತಿರ ಕಳಿಸಿದೆವು. ಈಗ ಪ್ರತಿ ಬ್ಯಾಚಿನಲ್ಲೂ ಇದನ್ನು ನಾನೇ ಮೊದಲು ಹೇಳುತ್ತೇನೆ. ಪ್ರತಿ ಸಲವೂ ಒಬ್ಬರಾದರೂ ಗಾಬರಿಯಿಂದ ತಲೆ ಎತ್ತುತ್ತಾರೆ.

ಹುಡುಗರ ಪ್ರಶ್ನೆಗಳೇ ಬೇರೆ. ಗಲ್ಫ್‌ಗೆ ಹೊರಟವರು, ದೊಡ್ಡ ಕಂಪನಿಯ ಮೆಡಿಕಲ್‌ಗೆ ಹೋಗಬೇಕಾದವರು ಮೆಲ್ಲಗೆ ಕೇಳುತ್ತಾರೆ: "ಸೊಪ್ಪು ಎಷ್ಟು ದಿನ ಮೈಯಲ್ಲಿ ಇರುತ್ತೆ?" ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸೊಪ್ಪು ಅಂದರೆ ಗಾಂಜಾ, ಅದು ಮೈಯ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಗೆ ಬರುತ್ತದೆ. ದಿನಾ ಸೇದುವವರ ಮೂತ್ರದಲ್ಲಿ ಬಿಟ್ಟು ವಾರಗಳಾದ ಮೇಲೂ ಸಿಗಬಹುದು. ನೀರು ಕುಡಿದೋ ನಿಂಬೆರಸ ಕುಡಿದೋ ಮುಚ್ಚಿಡೋಕೆ ಆಗಲ್ಲ. ಕೆಮ್ಮಿನ ಸಿರಪ್ಪು, ನೋವಿನ ಮಾತ್ರೆ ನಶೆಗೆ ತಗೊಳ್ಳುವವರೂ ಇದ್ದಾರೆ. ಅಂಗಡಿಯಲ್ಲಿ ಸಿಗುತ್ತೆ ಅಂದ ಮಾತ್ರಕ್ಕೆ ಅದರ ಚಟ ಕಮ್ಮಿಯೇನಲ್ಲ. ಗಾಂಜಾ ಸೇದಿದರೂ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ ಅಂತ ತಿಳಿದವರು ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆ ಅಂತ ಹೆದರುತ್ತಾರೆ. ಆ ಶಿಕ್ಷೆ ಹೇಳುವ 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದು, ಸೇದಿದ ಕೇಸಿಗೋ ಸ್ವಲ್ಪವೇ ಪ್ರಮಾಣದ ಕೇಸಿಗೋ ಸಿಕ್ಕಿಕೊಂಡವನು ತಾನಾಗಿಯೇ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮುಗಿಸಿದರೆ ಆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಲಂ ಅದು. ಇದನ್ನು ಕೇಳಿಸಿಕೊಂಡ ಮೇಲೆ ಒಬ್ಬಿಬ್ಬರು ಪಾಠ ಮುಗಿದರೂ ಹೋಗದೆ ಬಾಗಿಲ ಹತ್ತಿರ ನಿಂತಿರುತ್ತಾರೆ.

ಇಂಟರ್‌ವ್ಯೂ ಅಭ್ಯಾಸದಲ್ಲಿ ಎಲ್ಲರಿಗೂ ಕಷ್ಟವಾಗುವುದು ಒಂದೇ ಪ್ರಶ್ನೆ: "ಈ ಎರಡು ವರ್ಷ ಏನ್ ಮಾಡ್ತಿದ್ರಿ?" ಸುಳ್ಳು ಹೇಳುವುದು ಬೇಡ, ಎಲ್ಲ ಬಿಚ್ಚಿಡುವುದೂ ಬೇಡ. "ಆರೋಗ್ಯ ಸರಿ ಇರಲಿಲ್ಲ ಸಾರ್, ಚಿಕಿತ್ಸೆ ತಗೊಂಡೆ. ಈಗ ಚೆನ್ನಾಗಿದೀನಿ, ಈ ಕೋರ್ಸಿಗೆ ಒಂದು ದಿನವೂ ತಪ್ಪಿಸಿಲ್ಲ." ಇಷ್ಟು ಸಾಕು. ಕಣ್ಣು ನೆಲಕ್ಕೆ ಹೋಗದೆ ಹೇಳುವ ತನಕ ಹೇಳಿಸುತ್ತೇನೆ. ಕೆಲವರಿಗೆ ಹತ್ತು ಸಲ ಬೇಕಾಗುತ್ತದೆ.

ಮೊದಲ ಸಂಬಳದ ದಿನ ಬಹಳ ಜನ ಮತ್ತೆ ಶುರು ಮಾಡುತ್ತಾರೆ. ಕೆಲಸ ಸಿಕ್ಕ ಖುಷಿ, ಕೈಯಲ್ಲಿ ದುಡ್ಡು, "ಪಾರ್ಟಿ ಕೊಡಲ್ವಾ?" ಅನ್ನುವ ಜೊತೆಗಾರರು. ಅದಕ್ಕೇ ಕೋರ್ಸಿನ ಕೊನೆಯ ದಿನ ಒಂದು ಚೀಟಿ ಬರೆಸುತ್ತೇನೆ. ಸಂಬಳದ ದಿನ ಸಂಜೆ 5ರಿಂದ ರಾತ್ರಿ 10ರವರೆಗೆ ಎಲ್ಲಿರುತ್ತೀರಿ, ಯಾರ ಜೊತೆ, ಯಾವ ರಸ್ತೆಯಲ್ಲಿ ಮನೆಗೆ ಹೋಗ್ತೀರಿ. ರಸ್ತೆಯ ಹೆಸರೂ ಬರೆಯಬೇಕು, ಯಾಕಂದರೆ ಅಂಗಡಿ ಇರುವುದು ಆ ರಸ್ತೆಯಲ್ಲೇ. ಒಬ್ಬರು ಬರೆದಿದ್ದರು: "ಮಗಳ ಜೊತೆ ಚಪ್ಪಲಿ ತರೋಕೆ ಹೋಗ್ತೀನಿ. ಅವಳು ಕೈ ಬಿಡಲ್ಲ."

ಮತ್ತೆ ಕುಡಿದು ವಾಪಸ್ ಬಂದವರನ್ನು ನಾನು ಬೈಯುವುದಿಲ್ಲ. ಯಾವ ಹೊತ್ತಿಗೆ, ಎಲ್ಲಿ, ಯಾರ ಜೊತೆ ಅಂತ ಕೇಳಿ ಹೊಸ ಚೀಟಿ ಬರೆಸುತ್ತೇನೆ.

ಡ್ರೈವರ್ ಅಣ್ಣ ಈಗ ಲಾರಿ ಓಡಿಸುತ್ತಿಲ್ಲ. ಫಿಟ್ಸ್ ಬಂದ ಮೇಲೆ ಸದ್ಯಕ್ಕೆ ಸ್ಟೀರಿಂಗ್ ಬೇಡ ಅಂದರು ಡಾಕ್ಟರು. ಒಂದು ಗೋಡೌನಿನಲ್ಲಿ ಲೋಡು ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಮಧ್ಯೆ ಒಂದು ಸಲ ಜಾರಿದ್ದರು, ಮೂರು ದಿನಕ್ಕೆ ಅವರೇ ಆಸ್ಪತ್ರೆಗೆ ಹೋದರು. ಹೊಸ ಬ್ಯಾಚ್ ಶುರುವಾದಾಗ ವಾರದ ರಜೆ ಇದ್ದರೆ ನಮ್ಮ ಕ್ಲಾಸಿಗೆ ಬರುತ್ತಾರೆ. ನೀರು ಅಳೆಯುವುದು ಈಗ ಅವರ ಕೆಲಸ. ಲೋಟದಿಂದ ಮುಚ್ಚಳಕ್ಕೆ ಬಗ್ಗಿಸುತ್ತಾ ಜೋರಾಗಿ ಎಣಿಸುತ್ತಾರೆ. ಕಳೆದ ಸಲ ಒಬ್ಬ ಹುಡುಗ "ಅಣ್ಣ, ನಿಮ್ದು ಎಷ್ಟು ಮುಚ್ಚಳ ಇತ್ತು?" ಅಂತ ಕೇಳಿದ. ಅವರು ಚೊಂಬು ಎತ್ತಿ ಅವನ ಮುಂದೆ ಇಟ್ಟು, "ಇದು ತುಂಬಾ" ಅಂದರು. ಆಮೇಲೆ ಫಿಟ್ಸ್ ಬಂದ ರಾತ್ರಿಯ ಕಥೆ ಹೇಳೋಕೆ ಶುರು ಮಾಡಿದರು. ನಾನು ಬೋರ್ಡಿನ ಮೂಲೆಯಲ್ಲಿ ನಂಬರ್ ಬರೆಯುತ್ತಿದ್ದೆ.