ಒಬ್ಬಳೇ ಹೊರದೇಶಕ್ಕೆ: ಮೊದಲ ಪ್ರವಾಸದ ತಯಾರಿ ಹೇಗೆ?

ನಾನು ವಿಯೆಟ್ನಾಂಗೆ ಒಬ್ಬಳೇ ಹೋಗ್ತೀನಿ ಅಂತ ಮಂಡ್ಯದ ಮನೆಯಲ್ಲಿ ಹೇಳಿದ್ದು ರಾತ್ರಿ ಊಟದ ಹೊತ್ತಿಗೆ. ಅಪ್ಪ ಬೈಯಲಿಲ್ಲ. ಮುದ್ದೆ ಮುರಿಯುತ್ತಾ ಒಂದೇ ಮಾತು ಕೇಳಿದರು. "ಅಲ್ಲೇನಾರ ಆದ್ರೆ ಯಾರ್ನ ಕೇಳೀಯೆ ಮಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಮೂರು ತಿಂಗಳು ನಾನು ಮಾಡಿದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ. ಪಾಸ್‌ಪೋರ್ಟ್ ಕಳೆದರೆ ಯಾರನ್ನು ಕೇಳಬೇಕು? ಕಾರ್ಡ್ ನಡೆಯದಿದ್ದರೆ? ಜ್ವರ ಬಂದರೆ? ಒಂದೊಂದಕ್ಕೂ ಉತ್ತರ ಇದೆ. ಅದನ್ನು ಮನೆಯಲ್ಲೇ ಕೂತು ಬರೆದಿಟ್ಟುಕೊಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಮೈಸೂರು, ಮಂಡ್ಯ ಕಡೆಯ ಹುಡುಗಿಯರು ಹೋಗಲೇಬೇಕು ಎಂಬುದು ನನ್ನ ಆಸೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರು ಸರಿಮಾಡಿ

ಪಾಸ್‌ಪೋರ್ಟ್‌ಗಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ದೇಶದಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿಯಲ್ಲಿ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ಹಣ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. 36 ಪುಟದ ಸಾಮಾನ್ಯ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ಜಾಸ್ತಿ. ವಯಸ್ಕರಿಗೆ 10 ವರ್ಷ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮರೆಯದೆ ಒಯ್ಯಿರಿ. ಹತ್ತನೇ ತರಗತಿ ಪಾಸಾದವರಿಗೆ ವಲಸೆ ತಪಾಸಣೆಯ ಮುದ್ರೆ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಎನ್ನುವ ಗುರುತು) ಇಲ್ಲದ ಪಾಸ್‌ಪೋರ್ಟ್ ಸಿಗುತ್ತದೆ.

ನಮ್ಮ ಕಡೆಯ ನಿಜವಾದ ತೊಡಕು ಇನಿಷಿಯಲ್. ನಮಗೆ ಮನೆತನದ ಹೆಸರು ಇರುವುದು ಕಡಿಮೆ. ಹೆಸರಿನ ಪಕ್ಕ ಎರಡು ಅಕ್ಷರ, ಒಂದು ಊರಿನದು, ಒಂದು ಅಪ್ಪನದು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಮತ್ತೊಂದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಹಾಗಾಗಿ ಅರ್ಜಿ ಹಾಕುವ ಮುಂಚೆಯೇ ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಆಗುವಂತೆ ತಿದ್ದಿಸಿಕೊಳ್ಳಿ. ಮನೆತನದ ಹೆಸರಿನ ಜಾಗ ಖಾಲಿ ಬಿಡಬೇಡಿ ಎಂಬುದು ನನ್ನ ಸಲಹೆ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್‌ಗಳ ಮೇಲೆ ಯುಎಇ 2022ರ ನವೆಂಬರಿನಲ್ಲಿ ನಿರ್ಬಂಧ ತಂದಾಗ ನಮ್ಮ ಕಡೆಯವರಿಗೂ ತೊಂದರೆಯಾಯಿತು.

ಇದರ ಪೆಟ್ಟು ನನಗೂ ಬಿದ್ದಿದೆ. ಟಿಕೆಟ್ ಮಾಡಿಕೊಟ್ಟವರು ಅಪ್ಪನ ಹೆಸರನ್ನು ಬಿಟ್ಟು ಬರೀ ಇನಿಷಿಯಲ್ ಹಾಕಿದ್ದರು. ಹೊರಡಲು ಎರಡು ದಿನ ಇದ್ದಾಗ ನೋಡಿಕೊಂಡೆ. ತಿದ್ದಿಸುವುದಕ್ಕೆ ದುಡ್ಡೂ ಹೋಯಿತು, ಎರಡು ರಾತ್ರಿಯ ನಿದ್ದೆಯೂ ಹೋಯಿತು. ಟಿಕೆಟ್, ವೀಸಾ, ವಿಮೆ ಮೂರರಲ್ಲೂ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಅಕ್ಷರ ಅಕ್ಷರ ಹೋಲಿಸಿ. ಇನ್ನೊಬ್ಬರಿಂದಲೂ ಓದಿಸಿ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ.

ಮೈಸೂರಿನ ಪಿಜಿಯಲ್ಲಿದ್ದು ಮಂಡ್ಯದ ಮನೆ ವಿಳಾಸ ಕೊಡುವವರು ಒಂದು ಗಮನಿಸಿ. ಅರ್ಜಿಯಲ್ಲಿ ಈಗ ನಿಜವಾಗಿ ಇರುವ ವಿಳಾಸ ಕೇಳುತ್ತಾರೆ. ಪೊಲೀಸ್ ಪರಿಶೀಲನೆಗೆ ಬರುವುದು ಅಲ್ಲಿಗೇ. ನೀವು ಇಲ್ಲದ ಮನೆಗೆ ಅವರು ಬಂದು ಹೋದರೆ ಅರ್ಜಿ ಸುಮ್ನೆ ನಿಂತುಬಿಡುತ್ತದೆ.

ಒಂದು ಸಣ್ಣ ಪರೀಕ್ಷೆ ಇಲ್ಲೇ ಮಾಡಿ

ಪಾಸ್‌ಪೋರ್ಟ್ ಬರುವಷ್ಟರಲ್ಲಿ ಹಂಪಿಗೆ ಒಬ್ಬಳೇ ಹೋಗಿ ಬನ್ನಿ. ಮೈಸೂರಿನಲ್ಲಿ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಮಂಡ್ಯದಲ್ಲೂ ನಿಲ್ಲುತ್ತದೆ. ಎರಡು ರಾತ್ರಿ ಇರಿ. ಒಬ್ಬಳೇ ಹೋಟೆಲ್‌ಗೆ ಹೋಗಿ ರೂಮು ಕೇಳುವುದು, ಒಬ್ಬಳೇ ಕೂತು ಊಟ ಮಾಡುವುದು, ಜೊತೆಗೆ ಬರ್ತೀನಿ ಅನ್ನುವವರಿಗೆ ಗಟ್ಟಿಯಾಗಿ "ಬೇಡ" ಅನ್ನುವುದು, ಇವನ್ನೆಲ್ಲ ಕನ್ನಡ ನಡೆಯುವ ಊರಿನಲ್ಲಿ ಕಲಿಯುವುದು ಸುಲಭ ಅಲ್ವಾ? ನನಗೆ ಅಲ್ಲಿ ಗೊತ್ತಾಗಿದ್ದು, ಸಂಜೆ ಏಳರ ಹೊತ್ತಿಗೆ ಒಂಟಿತನ ಕಾಡುತ್ತದೆ ಎಂದು. ಆಮೇಲಿನ ಎಲ್ಲ ಪ್ರವಾಸದಲ್ಲೂ ಆ ಹೊತ್ತಿಗೆ ಮನೆಗೆ ಫೋನ್ ಮಾಡುವುದನ್ನು ಇಟ್ಟುಕೊಂಡೆ.

ದೇಶ ಮತ್ತು ವೀಸಾ

ಮೊದಲ ಸಲಕ್ಕೆ ಹತ್ತಿರದ ದೇಶ ಆರಿಸಿ. ಬ್ಯಾಂಕಾಕ್, ಸಿಂಗಪುರ, ಕ್ವಾಲಾಲಂಪುರ, ಕೊಲಂಬೊಗಳಿಗೆ ಬೆಂಗಳೂರಿನಿಂದ ನೇರ ವಿಮಾನ ಇದೆ. ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆದರೆ ನಮ್ಮ ವಯಸ್ಸಿನವರು ಬರೀ ಆಧಾರ್ ಹಿಡಿದು ಹೋಗುವಂತಿಲ್ಲ. ಯುರೋಪಿನ ಬಹಳ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಕಾಗದ ಪತ್ರ ಜಾಸ್ತಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಅದನ್ನು ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ.

ವಿಯೆಟ್ನಾಂ ಇ-ವೀಸಾ ಮನೆಯಿಂದಲೇ ಆಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ ಸಿಗುತ್ತದೆ. ಹುಡುಕಿದರೆ ಮೊದಲು ಸಿಗುವುದು ದಲ್ಲಾಳಿಗಳ ಜಾಲತಾಣಗಳೇ. ನೋಡಲು ಸರ್ಕಾರದ್ದರ ಹಾಗೇ ಇರುತ್ತವೆ, ಎರಡು ಮೂರು ಪಟ್ಟು ಹಣ ಕೇಳುತ್ತವೆ. ವಿಳಾಸದ ಕೊನೆಯಲ್ಲಿ 'ಗೌ ಡಾಟ್ ವಿಎನ್' ಎಂದರೆ ಜಿ, ಒ, ವಿ, ಆಮೇಲೆ ಚುಕ್ಕಿ, ಆಮೇಲೆ ವಿ, ಎನ್ ಇದೆಯೇ ನೋಡಿ. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಎಂದೂ ಅರ್ಜಿಯಲ್ಲಿ ಬರೆಯಬೇಕು. ಅದಕ್ಕೇ ದಾರಿ ಗೊತ್ತುಮಾಡಿಕೊಂಡು ಅರ್ಜಿ ಹಾಕಿ. ಒಂದು ತಿಂಗಳು ಮುಂಚೆ ಹಾಕಿದರೆ ನೆಮ್ಮದಿ. ವೀಸಾ ನಿಯಮ ಯಾವಾಗ ಬೇಕಾದರೂ ಬದಲಾಗುತ್ತದೆ. ಟಿಕೆಟ್ ಕೊಳ್ಳುವ ದಿನ ಆ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನು ಇನ್ನೊಮ್ಮೆ ನೋಡಿ. ಪಾಸ್‌ಪೋರ್ಟ್ ಅವಧಿಯೂ ಇನ್ನು ಆರು ತಿಂಗಳಾದರೂ ಉಳಿದಿರಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ರವಾಸಿ ವೀಸಾದಲ್ಲಿ ಬನ್ನಿ, ಅಲ್ಲಿ ಕಂಪ್ಯೂಟರ್ ಕೆಲಸ ಕೊಡಿಸ್ತೀವಿ ಅಂತ ಯಾರಾದರೂ ಹೇಳಿದರೆ ಹೋಗಬೇಡಿ. ಥಾಯ್ಲೆಂಡ್‌ನಲ್ಲಿ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಓದಿದ ಮಕ್ಕಳೇ ಇದಕ್ಕೆ ಸಿಕ್ಕಿಬಿದ್ದಿದ್ದಾರೆ.

ದುಡ್ಡು ಎರಡು ಕಡೆ ಇರಲಿ

ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ವಿದೇಶಿ ಬಳಕೆ ಚಾಲೂ ಮಾಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್ ಬರುವಾಗ ದೇಶದೊಳಗೆ ಮಾತ್ರ ನಡೆಯುವಂತೆ ಇರುತ್ತದೆ. ಇದನ್ನು ಮರೆತು ಅಲ್ಲಿ ಎಟಿಎಂ ಮುಂದೆ ಒದ್ದಾಡುವವರು ಬಹಳ ಜನ. ಒಂದು ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್), ಒಂದು ಬ್ಯಾಂಕ್ ಕಾರ್ಡ್, ಸ್ವಲ್ಪ ಡಾಲರ್ ನೋಟು. ಎಲ್ಲವನ್ನೂ ಒಂದೇ ಪರ್ಸಿನಲ್ಲಿ ತುಂಬಬೇಡಿ. ನೋಟು ಬದಲಾಯಿಸುವುದನ್ನು ಮೈಸೂರಿನಲ್ಲೇ ಮುಗಿಸಿ. ವಿಮಾನ ನಿಲ್ದಾಣದ ಕೌಂಟರ್‌ಗಳಲ್ಲಿ ಸಾಮಾನ್ಯವಾಗಿ ದರ ಕೆಟ್ಟದ್ದು. ಹೊರದೇಶದಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ "ರೂಪಾಯಿಯಲ್ಲಾ, ಸ್ಥಳೀಯ ಹಣದಲ್ಲಾ?" ಅಂತ ಕೇಳುತ್ತದೆ. ಯಾವಾಗಲೂ ಸ್ಥಳೀಯ ಹಣವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ.

ಹೋಗುವ ದೇಶದ ನೋಟುಗಳ ಚಿತ್ರವನ್ನು ಮನೆಯಲ್ಲೇ ನೋಡಿ. ವಿಯೆಟ್ನಾಂನ 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ರಾತ್ರಿ ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಇಪ್ಪತ್ತೈದು ಪಟ್ಟು ನಷ್ಟ.

ಫೋನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬ್ಯಾಂಕಿನ ಒಟಿಪಿ ಬರಬೇಕಾದ್ದರಿಂದ ಊರಿನ ಸಿಮ್ ತೆಗೆಯಬೇಡಿ. ಹೊರಡುವ ಮುಂಚೆಯೇ ರೋಮಿಂಗ್ ಚಾಲೂ ಮಾಡಿಸಿ. ಇಂಟರ್ನೆಟ್‌ಗೆ ಅಲ್ಲಿನ ಸಿಮ್ ಅಥವಾ ಕಾರ್ಡ್ ಹಾಕದೆ ಫೋನಿನೊಳಗೇ ಚಾಲೂ ಆಗುವ ಇ-ಸಿಮ್. ಹೋಗುವ ಊರಿನ ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ.

ಬ್ಯಾಗಿಗೆ ಏನು, ಏನು ಬೇಡ

ಅಮ್ಮಂದಿರ ಪ್ರೀತಿ ಬ್ಯಾಗಿನಲ್ಲಿ ತೂಕವಾಗಿ ಕೂರುತ್ತದೆ. ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು ಸರಿ. ಉಪ್ಪಿನಕಾಯಿ, ತುಪ್ಪ ಇದ್ದರೆ ಚೆನ್ನಾಗಿ ಸುತ್ತಿ, ವಿಮಾನದ ಹೊಟ್ಟೆಗೆ ಹೋಗುವ ಚೆಕ್‌ಇನ್ ಬ್ಯಾಗಿಗೆ. ಒಣಕೊಬ್ಬರಿ ಬೇಡ. ಎಣ್ಣೆಯಂಶದಿಂದ ಬೆಂಕಿ ಹತ್ತೀತು ಎಂದು ಚೆಕ್‌ಇನ್ ಬ್ಯಾಗಿನಿಂದ ತೆಗೆಸುತ್ತಾರೆ. ಗಸಗಸೆ ಪಾಯಸ ನಮಗೆ ಹಬ್ಬದ ಅಡುಗೆ. ಆದರೆ ಯುಎಇ, ಸಿಂಗಪುರಗಳಲ್ಲಿ ಗಸಗಸೆ ನಿಷೇಧಿತ ವಸ್ತು. ಮಸಾಲೆಪುಡಿಯಲ್ಲಿ ಬೆರೆತಿದೆಯಾ ಅಂತ ಅಮ್ಮನನ್ನು ಕೇಳಿಯೇ ತುಂಬಿಸಿ. ಇದು ತಮಾಷೆಯ ವಿಷಯವಲ್ಲ, ಜೈಲಿನವರೆಗೂ ಹೋಗಬಹುದು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಕೈಚೀಲದಲ್ಲಿ ಎಣ್ಣೆ, ಶಾಂಪೂ ಏನೇ ಇದ್ದರೂ 100 ಮಿಲಿ ಮೀರದ ಬಾಟಲಿ. ಔಷಧಿಗೆ ವೈದ್ಯರ ಚೀಟಿ ಜೊತೆಗಿರಲಿ, ಅದರಲ್ಲಿ ಮಾತ್ರೆಯ ಮೂಲ ಹೆಸರು ಬರೆದಿರಲಿ. ನಮ್ಮ ಬ್ರ್ಯಾಂಡ್ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪ್ಯಾಡ್‌ಗಳನ್ನು ಪೂರ್ತಿ ಪ್ರವಾಸಕ್ಕೆ ಆಗುವಷ್ಟು ಇಟ್ಟುಕೊಳ್ಳಿ. ದೂರ ಪ್ರಯಾಣ, ನಿದ್ದೆಗೇಡಿನಲ್ಲಿ ಮುಟ್ಟು ಹಿಂದುಮುಂದಾಗುವುದು ಸಹಜ.

ಸಸ್ಯಾಹಾರಿಗಳು ಕಲಿಯಬೇಕಾದ ವಿಯೆಟ್ನಾಂ ಪದ ಒಂದೇ: 'ಚಾಯ್'. ಆ ಹೆಸರಿನ ಬೋರ್ಡ್ ಇದ್ದ ಕಡೆ ಮೀನಿನ ರಸ ಹಾಕದ ಊಟ ಸಿಗುತ್ತದೆ. ಅಲ್ಲಿನ ಬಹಳ ಜನ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಮಾಂಸ ಬಿಡುತ್ತಾರೆ. ಇದನ್ನು ಹೇಳಿದಾಗ ನಮ್ಮ ಅಜ್ಜಿಗೆ ಆ ದೇಶದ ಮೇಲೆ ಒಮ್ಮೆಲೇ ನಂಬಿಕೆ ಬಂತು.

ಮನೆಯಲ್ಲಿ ಬಿಟ್ಟು ಹೋಗುವ ಹಾಳೆ

ಎಲ್ಲ ತಯಾರಿಯಲ್ಲಿ ಇದೇ ದೊಡ್ಡದು ಎನ್ನುತ್ತೇನೆ. ಫೋನಿನಲ್ಲಿ ಕಳಿಸಿದರೆ ಸಾಲದು. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಕಾಗದದ ಮೇಲೆ ಬರೆಯಿರಿ. ವಿಮಾನದ ಸಂಖ್ಯೆ ಮತ್ತು ಹೊತ್ತು, ದಿನಕ್ಕೊಂದು ಸಾಲಿನಲ್ಲಿ ಉಳಿಯುವ ಜಾಗದ ಹೆಸರು ಮತ್ತು ಫೋನ್, ವಿಮೆ ಕಂಪನಿಯ ತುರ್ತು ಸಂಖ್ಯೆ, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಸಂಖ್ಯೆ. ವಿಯೆಟ್ನಾಂನಲ್ಲಿ ಹನೋಯ್‌ನಲ್ಲಿ ರಾಯಭಾರ ಕಚೇರಿ, ಹೋಚಿಮಿನ್ ಸಿಟಿಯಲ್ಲಿ ಕಾನ್ಸುಲೇಟ್ ಇದೆ. ಅಲ್ಲಿನ ಪೊಲೀಸ್ 113, ಆಂಬುಲೆನ್ಸ್ 115. ಸಮಯದ ವ್ಯತ್ಯಾಸವನ್ನೂ ಬರೆಯಿರಿ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ. ಇಲ್ಲದಿದ್ದರೆ ರಾತ್ರಿ ಹತ್ತೂವರೆಗೆ ಫೋನ್ ಎತ್ತಲಿಲ್ಲವೆಂದು ಮನೆಯವರು ಗಾಬರಿಯಾಗುತ್ತಾರೆ, ನಿಮಗೆ ಅಲ್ಲಿ ಮಧ್ಯರಾತ್ರಿ.

ಪಾಸ್‌ಪೋರ್ಟ್ ಕಳೆದರೆ ಏನು ಎಂಬುದನ್ನೂ ಹಾಳೆಯ ಹಿಂದೆ ಬರೆದಿದ್ದೆ. ಮೊದಲು ಅಲ್ಲಿನ ಪೊಲೀಸರಿಗೆ ದೂರು. ಆ ಪ್ರತಿ, ಪಾಸ್‌ಪೋರ್ಟಿನ ಝೆರಾಕ್ಸ್, ಎರಡು ಫೋಟೊ ಹಿಡಿದು ನಮ್ಮ ರಾಯಭಾರ ಕಚೇರಿಗೆ. ಅವರು ಊರಿಗೆ ಮರಳುವುದಕ್ಕೆ ಮಾತ್ರ ನಡೆಯುವ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಝೆರಾಕ್ಸ್ ಮತ್ತು ಫೋಟೊ ಪಾಸ್‌ಪೋರ್ಟ್ ಇಲ್ಲದ ಬೇರೆ ಬ್ಯಾಗಿನಲ್ಲಿರಲಿ. ಅಪ್ಪ ಆ ಹಾಳೆಯನ್ನು ಎರಡು ಸಲ ಓದಿ, ಕ್ಯಾಲೆಂಡರ್ ಹಿಂದಿನ ಮೊಳೆಗೆ ಸಿಕ್ಕಿಸಿದರು. ಆಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಹೊರಡುವ ದಿನ

ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ. ವಿಮಾನಕ್ಕೆ ಮೂರು ಗಂಟೆ ಮುಂಚೆ ಒಳಗಿರಬೇಕು. ಬೆಂಗಳೂರಿನ ಟ್ರಾಫಿಕ್‌ಗೆ ಒಂದು ಗಂಟೆ ಹೆಚ್ಚಿಗೆ ಹಿಡಿಯಿರಿ. ರಾತ್ರಿ 11ರ ವಿಮಾನಕ್ಕೆ ಮಧ್ಯಾಹ್ನ ಎರಡರೊಳಗೆ ಮೈಸೂರು ಬಿಟ್ಟರೆ ಎದೆ ಹೊಡೆದುಕೊಳ್ಳುವುದಿಲ್ಲ.

ದೇಶ ಬಿಡುವವರ ಪಾಸ್‌ಪೋರ್ಟ್ ನೋಡುವ ಇಮಿಗ್ರೇಷನ್ ಕೌಂಟರಿನಲ್ಲಿ ಎಲ್ಲಿಗೆ, ಎಷ್ಟು ದಿನ, ಯಾಕೆ, ಏನು ಕೆಲಸ ಅಂತ ಕೇಳಬಹುದು. ಒಬ್ಬಳೇ ಹುಡುಗಿ ಎಂದು ಒಂದೆರಡು ಪ್ರಶ್ನೆ ಜಾಸ್ತಿಯೂ ಬರಬಹುದು. ಕೇಳಿದ್ದಕ್ಕಷ್ಟೇ ನಿಜ ಹೇಳಿ. ವಾಪಸು ಟಿಕೆಟ್, ಹೋಟೆಲ್ ಬುಕಿಂಗ್, ಕಚೇರಿಯ ರಜೆ ಪತ್ರ ಕೈಯಲ್ಲಿ ಕಾಗದವಾಗಿ ಇರಲಿ.

ಇಳಿದ ಮೇಲೆ, ಮೊದಲ ರಾತ್ರಿ

ಆದಷ್ಟು ಹಗಲಲ್ಲಿ ಇಳಿಯುವ ವಿಮಾನ ಆರಿಸಿ, ಸಾವಿರ ರೂಪಾಯಿ ಜಾಸ್ತಿಯಾದರೂ ಸರಿ. ಮೊದಲ ಎರಡು ರಾತ್ರಿಯ ಜಾಗ ಊರಲ್ಲೇ ಬುಕ್ ಆಗಿರಲಿ. ಹಾಸ್ಟೆಲ್‌ಗಳಲ್ಲಿ ಹೆಂಗಸರಿಗೇ ಮೀಸಲಾದ ಕೋಣೆ ಇರುತ್ತದೆ. ಅಲ್ಲಿದ್ದು ಬಂದ ಹೆಂಗಸರ ಅಭಿಪ್ರಾಯಗಳನ್ನೇ ಹುಡುಕಿ ಓದಿ. ವಿಮಾನ ನಿಲ್ದಾಣದ ಬಾಗಿಲಲ್ಲಿ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಬರುವವರ ಹಿಂದೆ ಹೋಗದೆ, ಆಗ್ನೇಯ ಏಷ್ಯಾದ ಕಡೆ ನಡೆಯುವ ಗ್ರ್ಯಾಬ್ ಆ್ಯಪ್‌ನಲ್ಲಿ ಕರೆಸಿ. ಗಾಡಿ ನಂಬರ್ ನೋಡಿ ಹತ್ತಿ. ಪ್ರಯಾಣದ ಲಿಂಕ್ ಮನೆಗೆ ಕಳಿಸಿ.

ಸ್ಕೂಟಿ ಓಡಿಸಿ ರೂಢಿ ಇರುವ ನಮಗೆ ಅಲ್ಲಿನ ಬಾಡಿಗೆ ಸ್ಕೂಟರ್ ನೋಡಿದರೆ ಕೈ ತುರಿಸುತ್ತದೆ. ವಿಯೆಟ್ನಾಂನಲ್ಲಿ ಬೇಡ. ನಮ್ಮಲ್ಲಿ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ 1949ರ ಒಪ್ಪಂದದ್ದು, ಅವರು ಒಪ್ಪುವುದು 1968ರದ್ದನ್ನು. ಬಿದ್ದರೆ ವಿಮೆಯ ಹಣವೂ ಬರದೇ ಹೋಗಬಹುದು.

ರೂಮಿಗೆ ಹೋದ ಕೂಡಲೇ ಬಾಗಿಲಿನ ಚಿಲಕ, ಕಿಟಕಿ ನೋಡಿ. ಸರಿ ಇಲ್ಲವೆನಿಸಿದರೆ ಸಂಕೋಚಪಡದೆ ಬೇರೆ ರೂಮು ಕೇಳಿ. ನಾನು ಕೇಳಿದ್ದೆ, ಮರುಮಾತಿಲ್ಲದೆ ಬದಲಾಯಿಸಿ ಕೊಟ್ಟರು. ಹೋಟೆಲಿನ ವಿಳಾಸದ ಚೀಟಿಯನ್ನು ಅಲ್ಲಿನ ಭಾಷೆಯಲ್ಲಿ ಬರೆಸಿಕೊಂಡು ಜೇಬಿಗೆ ಹಾಕಿಕೊಳ್ಳಿ, ಫೋನ್ ಸತ್ತುಹೋದ ದಿನ ಅದೇ ದಾರಿ ತೋರಿಸುತ್ತದೆ. ಫೋನ್ ಚಾರ್ಜಿಗೆ ಹಾಕಿ. ಬೆಳಕಿರುವಾಗಲೇ ಹೊರಗೆ ಹೋಗಿ, ಎರಡು ಬೀದಿ ನಡೆದು, ಹತ್ತಿರದ ಔಷಧಿ ಅಂಗಡಿ ಮತ್ತು ಬಿಸಿ ಅನ್ನ ಸಿಗುವ ಜಾಗ ನೋಡಿಟ್ಟು ಬನ್ನಿ. ಆಮೇಲೆ ಮನೆಗೆ ವಿಡಿಯೊ ಕಾಲ್ ಮಾಡಿ, ಅಮ್ಮನಿಗೆ ಆ ಚಿಲಕ ತೋರಿಸಿ.