ದುರ್ಬಲ ಟಿವಿ ಸಿಗ್ನಲ್: ಬೂಸ್ಟರ್ ಕೊನೆಗೆ ಹಾಕಿದ್ದು ಏಕೆ?

ಚಿತ್ರ ಚೌಕ ಚೌಕವಾಗಿ ಒಡೆಯತೊಡಗಿದರೆ ಬಹಳ ಮಂದಿ ಮೊದಲು ಬೂಸ್ಟರ್ (ಸಿಗ್ನಲ್ ಹಿಗ್ಗಿಸುವ ಸಾಧನ) ತರುತ್ತಾರೆ. ನಾನು ಅದನ್ನು ಕೊನೆಗಿಟ್ಟುಕೊಂಡೆ. ಬೂಸ್ಟರ್ ಸಿಗ್ನಲ್ ಜೊತೆಗೆ ನಾಯ್ಸನ್ನೂ (ಬೇಡದ ಗದ್ದಲವನ್ನೂ) ಹಿಗ್ಗಿಸುತ್ತದೆ, ತನ್ನದನ್ನೂ ಸ್ವಲ್ಪ ಸೇರಿಸುತ್ತದೆ. ಆಂಟೆನಾ ಹಿಡಿಯದ್ದನ್ನು ಅದು ಹುಟ್ಟಿಸಲಾರದು.

ಬೇಕಿದ್ದ ಚಾನೆಲ್‌ಗಳೆಲ್ಲ 600 ಮೆಗಾಹರ್ಟ್ಸ್ ಆಸುಪಾಸಿನವು. ಅಲ್ಲಿ ತರಂಗದ ಉದ್ದ 50 ಸೆಂ.ಮೀ., ಹಾಗಾಗಿ ಕಡ್ಡಿಗಳು ಅದರ ಅರ್ಧ, ಅಂದರೆ ಸುಮಾರು 25 ಸೆಂ.ಮೀ. ಇರುವ ಯುಎಚ್‌ಎಫ್ (ಈ ಆವರ್ತನಗಳ) ಯಾಗಿಯನ್ನೇ, ಒಂದು ದಂಡಕ್ಕೆ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಆಂಟೆನಾವನ್ನೇ, ಕಟ್ಟಿದೆ. ಗಿಡ್ಡ ಕಡ್ಡಿಗಳ ತುದಿ ಟವರ್ ಕಡೆಗಿರಬೇಕು. ಪ್ರಸಾರ ಅಡ್ಡ ಧ್ರುವೀಕರಣದ್ದಾದರೆ (ಅಲೆಯ ವಿದ್ಯುತ್ ಕಂಪನ ಅಡ್ಡಲಾಗಿದ್ದರೆ) ಕಡ್ಡಿಗಳು ಮಲಗಿರಬೇಕು, ಲಂಬವಾದರೆ ನಿಂತಿರಬೇಕು. ಇದು ತಪ್ಪಿದರೆ 20 ಡಿಬಿವರೆಗೂ (ಡೆಸಿಬೆಲ್; ಅಂದರೆ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿಯುವಷ್ಟು) ಹೋದೀತು, ಯಾವ ಬೂಸ್ಟರೂ ಅದನ್ನು ತುಂಬಿಕೊಡದು.

ದಿಕ್ಕು ಹಿಡಿಯುವಾಗ ಟಿವಿ ಪರದೆಯ ಸ್ಟ್ರೆಂತ್ (ಸಿಗ್ನಲ್ ಬಲದ) ಪಟ್ಟಿಯನ್ನು ಬಿಟ್ಟು ಕ್ವಾಲಿಟಿ (ಸಿಗ್ನಲ್ ಎಷ್ಟು ಶುದ್ಧ ಎಂಬ) ಪಟ್ಟಿ ನೋಡಿದೆ. 5 ಡಿಗ್ರಿ ತಿರುಗಿಸುವುದು, ಹತ್ತು ಸೆಕೆಂಡ್ ಕಾಯುವುದು, ಬರೆದುಕೊಳ್ಳುವುದು. ಆಮೇಲೆ ಎತ್ತರ. ಎತ್ತರಿಸಿದಷ್ಟೂ ಒಳ್ಳೆಯದೆಂಬುದು ಸಾಮಾನ್ಯವಾಗಿ ನಿಜ, ಆದರೆ ಅರ್ಧ ಮೀಟರ್ ಇಳಿಸಿದಾಗಲೇ ಕ್ವಾಲಿಟಿ ಏರಿತು. ನೆಲಕ್ಕೋ ಛಾವಣಿಗೋ ಬಡಿದು ಬಂದ ಅಲೆ ಕೆಲವು ಎತ್ತರಗಳಲ್ಲಿ ನೇರ ಅಲೆಯನ್ನು ಕುಗ್ಗಿಸುತ್ತದೆ.

20 ಮೀಟರ್ ಆರ್‌ಜಿ-6 (ಸಾಮಾನ್ಯ ಟಿವಿ) ಕೇಬಲ್ ಈ ಆವರ್ತನದಲ್ಲಿ ಸುಮಾರು 3.5 ಡಿಬಿ ತಿನ್ನುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ. ಸಿಗ್ನಲನ್ನು ಎರಡು ಟಿವಿಗಳಿಗೆ ಹಂಚುವ ಸ್ಪ್ಲಿಟರ್ ಹಾಕಿದರೆ ಇನ್ನೂ ಅಷ್ಟೇ ನಷ್ಟ. ಈ ನಷ್ಟ ಆಗುವ ಮುಂಚೆಯೇ ಹಿಗ್ಗಿಸಬೇಕು. ಅದಕ್ಕೇ ಬೂಸ್ಟರ್ ಇರಬೇಕಾದದ್ದು ಕಂಬದ ಮೇಲೆ, ಆಂಟೆನಾದ ಪಕ್ಕದಲ್ಲಿ. ಟಿವಿ ಹಿಂದೆ ಇಟ್ಟರೆ ಕೇಬಲ್‌ನಲ್ಲಿ ಕಳೆದದ್ದು ಕಳೆದೇ ಹೋಯಿತು. ಡಬ್ಬಿಯ ಮೇಲಿನ ಗೇನ್ (ಎಷ್ಟು ಹಿಗ್ಗಿಸುತ್ತದೆ ಎಂಬ) ಅಂಕಿಗೆ ಮರುಳಾಗಬೇಡಿ. ನಾಯ್ಸ್ ಫಿಗರ್ (ಬೂಸ್ಟರ್ ತಾನೇ ಸೇರಿಸುವ ನಾಯ್ಸಿನ ಅಳತೆ) 2 ಡಿಬಿಗಿಂತ ಕಡಿಮೆ ಇದ್ದರೆ 15–20 ಡಿಬಿ ಗೇನ್ ಸಾಕು. ಹತ್ತಿರದಲ್ಲಿ ಮೊಬೈಲ್ ಟವರ್ ಇದ್ದರೆ ಹೆಚ್ಚು ಗೇನ್ ಕೇಡೇ: ಬೂಸ್ಟರ್ ಉಸಿರುಗಟ್ಟಿ, ಬರುತ್ತಿದ್ದ ಚಾನೆಲ್‌ಗಳೂ ಮಾಯವಾಗುತ್ತವೆ. ಆಗ ಮೊಬೈಲ್ ಸಿಗ್ನಲ್ ತಡೆಯುವ ಎಲ್‌ಟಿಇ ಫಿಲ್ಟರನ್ನು ಬೂಸ್ಟರಿಗಿಂತ ಮೊದಲು ಹಾಕಬೇಕು, ನಂತರವಲ್ಲ.

ಬೂಸ್ಟರಿಗೆ ವಿದ್ಯುತ್ ಹೋಗುವುದು ಅದೇ ಕೇಬಲ್‌ನಲ್ಲಿ. ಸ್ಪ್ಲಿಟರನ್ನು ಪವರ್ ಇನ್ಸರ್ಟರ್ (ಕೇಬಲ್‌ಗೆ ಆ ವಿದ್ಯುತ್ ಸೇರಿಸುವ ಸಾಧನ) ನಂತರ, ಟಿವಿ ಕಡೆಗೆ ಜೋಡಿಸಿ. ಬೂಸ್ಟರಿಗೂ ಇನ್ಸರ್ಟರಿಗೂ ನಡುವೆ ಬಂದರೆ ಸಾಮಾನ್ಯ ಸ್ಪ್ಲಿಟರ್ ಆ ಡಿಸಿ ವಿದ್ಯುತ್ತನ್ನು ತಡೆದುಬಿಡಬಹುದು. ಕೇಬಲ್ ತುದಿಯ ಎಫ್ ಕನೆಕ್ಟರ್‌ನಲ್ಲಿ ಕೇಬಲ್‌ನ ಹೊರ ಜಾಲರಿಯ ಒಂದೇ ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್.

ಹೊರಗಿನ ಕನೆಕ್ಟರಿಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಕೇಬಲ್ ಒಳಗೆ ಹೋಗುವ ಮುಂಚೆ ನೀರು ಅಲ್ಲೇ ತೊಟ್ಟಿಕ್ಕುವಂತೆ ಕೆಳಕ್ಕೊಂದು ಬಾಗು ಬಿಡಿ. ಕಂಬಕ್ಕೆ ಅರ್ಥಿಂಗ್ ಬೇಕೇ ಬೇಕು. ಮಳೆ ನಿಂತು ವಾರವಾದರೂ ಕ್ವಾಲಿಟಿ ಮೇಲೇಳದಿದ್ದರೆ ಆಂಟೆನಾ ತಿರುಗಿಸಬೇಡಿ, ಕನೆಕ್ಟರ್ ಬಿಚ್ಚಿ ನೋಡಿ. ಜಾಲರಿ ಕಪ್ಪಗಾಗಿದ್ದರೆ ನೀರು ಇಳಿದಿದೆ, ಆ ಉದ್ದದ ಕೇಬಲ್ ಬದಲಿಸಬೇಕು.